ರೆಕ್ಕೆ ನಡುಗಿದರೆ ಏನರ್ಥ? ಹಿತ್ತಲ ಹಕ್ಕಿಗಳ ಪ್ರಣಯ, ಜಗಳ, ಒಡನಾಟ ಓದುವ ಬಗೆ

ಕೆಲವು ವರ್ಷಗಳ ಹಿಂದೆ, ಏಪ್ರಿಲ್‌ನ ಒಂದು ಬೆಳಿಗ್ಗೆ. ಕೊಪ್ಪಳದ ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ಗೋಡೆಯ ಮೇಲೆ ಒಂದು ಗುಬ್ಬಿ ಗಡಗಡ ನಡುಗುತ್ತಿತ್ತು. ರೆಕ್ಕೆ ಜೋತು ಬಿದ್ದಿದ್ದವು, ಬಾಯಿ ತೆರೆದಿತ್ತು. ಬಿಸಿಲಿಗೆ ಬಸವಳಿದಿದೆ ಅಂದುಕೊಂಡೆ. ಮೆಲ್ಲಗೆ ಹಿಡಿದು, ಚಪ್ಪಲಿ ಡಬ್ಬಿಯಲ್ಲಿ ಹಳೇ ಬಟ್ಟೆ ಹಾಸಿ ಕೂರಿಸಿ, ಹನಿ ಹನಿ ನೀರು ಬಿಡಲು ಹೋದೆ. ಹೊರಗೆ ಇನ್ನೆರಡು ಗುಬ್ಬಿಗಳು ಒಂದೇ ಸಮನೆ ಚೀರುತ್ತಿದ್ದವು.

ಅವ್ವ ಬಂದು ನೋಡಿದಳು. "ಅದಕ್ಕೇನಾಗೈತಿ? ಅವರವ್ವನ ಕಡೆ ತುತ್ತು ಬೇಡಾಕತ್ತಿತ್ತು. ಹೊಳ್ಳಿ ಅಲ್ಲೇ ಬಿಡು."

ಬಿಟ್ಟೆ. ಐದು ನಿಮಿಷ ಆಗಿರಲಿಲ್ಲ, ಹೆಣ್ಣು ಗುಬ್ಬಿ ಒಂದು ಹಸಿರು ಹುಳ ಕಚ್ಚಿಕೊಂಡು ಬಂದು, ನನ್ನ 'ರೋಗಿ'ಯ ಗಂಟಲಿಗೆ ತುರುಕಿತು. ಅದು ರೋಗಿ ಅಲ್ಲ, ಗೂಡು ಬಿಟ್ಟು ಒಂದೆರಡು ದಿನ ಆದ ಮರಿ.

ಆಮೇಲೆ ಗಮನಿಸುತ್ತಾ ಹೋದಂತೆ ಗೊತ್ತಾಯಿತು, ಈ ನಡುಕಕ್ಕೆ ಒಂದೇ ಅರ್ಥ ಇಲ್ಲ. ಮರಿ ತುತ್ತು ಬೇಡುವಾಗ ರೆಕ್ಕೆ ನಡುಗಿಸುತ್ತದೆ. ಗಂಡು ಗುಬ್ಬಿ ಹೆಣ್ಣಿನ ಮುಂದೆ ಮೆರೆಯುವಾಗಲೂ ನಡುಗಿಸುತ್ತದೆ. ಹೆಣ್ಣು ಒಪ್ಪಿಗೆ ಕೊಡುವಾಗಲೂ ನಡುಗಿಸುತ್ತದೆ. ಹಾಗಾಗಿ ಹಕ್ಕಿಯ ಭಂಗಿ ನೋಡಿ ಅರ್ಥ ಹೇಳಲು ಹೋದರೆ ನನ್ನ ಹಾಗೆ ಪೇಚಿಗೆ ಸಿಕ್ಕುತ್ತೀರಿ. ಅದಕ್ಕೆ ಮೊದಲು ಏನಾಯ್ತು, ಆಮೇಲೆ ಏನಾಯ್ತು ಅನ್ನುವುದನ್ನು ನೋಡಬೇಕು. ಕೆಳಗೆ ಬರೆದದ್ದೆಲ್ಲ ಅದನ್ನು ನೋಡುವ ದಾರಿ ಅಷ್ಟೇ.

ಮೊದಲ ಹೆಜ್ಜೆ: ಒಂದು ಜಾಗ ಹಿಡಿಯಿರಿ

ಹಕ್ಕಿಗಳನ್ನು ಹುಡುಕಿಕೊಂಡು ಓಡಾಡಬೇಡಿ. ಗೋಡೆಗೆ ಬೆನ್ನು ಕೊಟ್ಟು ದಿನವೂ ಒಂದೇ ಜಾಗದಲ್ಲಿ ಕೂರಿ. ವಾರದೊಳಗೆ ಅವು ನಿಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಹೊತ್ತು ಹುಟ್ಟಿದಾಗಿನಿಂದ ಎಂಟೂವರೆವರೆಗೆ, ಸಂಜೆ ಐದರ ಮೇಲೆ. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಕೂತರೆ ನಿಮಗೂ ನಷ್ಟ, ಹಕ್ಕಿಗೂ ನಷ್ಟ.

ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಇಂಚು ನೀರಿಡಿ, ನಡುವೆ ಒಂದು ಕಲ್ಲು. ಬೆಕ್ಕು ಅಡಗುವಂಥ ಪೊದೆಯಿಂದ ದೂರ ಇರಲಿ. ನೀರು ದಿನಾ ಬದಲಿಸಿ, ತಟ್ಟೆ ತಿಕ್ಕಿ ತೊಳೆಯಿರಿ. ಕಾಳು ಇಡುವುದಾದರೆ ಸಜ್ಜೆ, ನವಣೆ ಸಾಕು. ಮಿರ್ಚಿ, ಒಗ್ಗರಣೆ ಮಂಡಕ್ಕಿ ನಮಗಿರಲಿ, ಎಣ್ಣೆ ಉಪ್ಪು ಅವಕ್ಕೆ ಬೇಡ.

ಒಂದು ಮಾತು ಮಾತ್ರ ನೆನಪಿಡಿ. ಕಾಳನ್ನು ಒಂದೇ ಕಡೆ ರಾಶಿ ಸುರಿದರೆ ಹಕ್ಕಿಗಳು ಒತ್ತೊತ್ತಾಗಿ ಸೇರಿ ಕಚ್ಚಾಡುತ್ತವೆ. ಅದನ್ನು ನೋಡಿ 'ಗುಬ್ಬಿ ಜಗಳಗಂಟ ಹಕ್ಕಿ' ಅಂತ ಬರೆದರೆ, ನೀವು ಬರೆದದ್ದು ಗುಬ್ಬಿಯ ಬಗ್ಗೆ ಅಲ್ಲ, ನಿಮ್ಮ ರಾಶಿಯ ಬಗ್ಗೆ. ಅಂಗಳದ ಉದ್ದಕ್ಕೂ ತೆಳ್ಳಗೆ ಎರಚಿ.

ದುರ್ಬೀನು ಇದ್ದರೆ 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ್ದು) ಒಳ್ಳೆಯದು. ಇಲ್ಲದಿದ್ದರೂ ಹಿತ್ತಲಿಗೆ ಕಣ್ಣೇ ಸಾಕು. ಮೊಬೈಲ್‌ನ ಸ್ಲೋ ಮೋಷನ್ ವಿಡಿಯೋ ಮಾತ್ರ ನಿಜಕ್ಕೂ ಉಪಯೋಗ.

ಎರಡನೇ ಹೆಜ್ಜೆ: ಗಂಡು ಯಾವುದು, ಹೆಣ್ಣು ಯಾವುದು

ಇದು ಗೊತ್ತಿಲ್ಲದೆ ಮುಂದೆ ಹೋಗಲು ಆಗುವುದಿಲ್ಲ. ಗುಬ್ಬಿಯಲ್ಲಿ ಸುಲಭ: ಗಂಡಿಗೆ ಗಂಟಲಿಂದ ಎದೆಗೆ ಕರೀ ಮಚ್ಚೆ, ಹೆಣ್ಣು ಮಾಸಲು ಕಂದು. ಕೋಗಿಲೆಯ ಗಂಡು ಕಡುಕಪ್ಪು, ಹೆಣ್ಣು ಕಂದು ಮೈಗೆ ಬಿಳಿ ಚುಕ್ಕೆ. ಚಿಟ್ಟು ಮಡಿವಾಳದ (ಇಂಡಿಯನ್ ರಾಬಿನ್) ಗಂಡು ಕಪ್ಪು, ಹೆಣ್ಣು ಬೂದುಗಂದು. ಗಿಳಿಯಲ್ಲಿ ಬೆಳೆದ ಗಂಡಿಗೆ ಮಾತ್ರ ಕೊರಳ ಪಟ್ಟಿ ಇರುತ್ತದೆ. ಪಟ್ಟಿ ಇಲ್ಲದ್ದೆಲ್ಲ ಹೆಣ್ಣಲ್ಲ, ಎಳೆಯ ಗಂಡೂ ಇರಬಹುದು.

ಗೊರವಂಕ (ಮೈನಾ), ಕಾಗೆ, ಪಿಕಳಾರ (ಬುಲ್‌ಬುಲ್), ಬೆಳವ (ಪಾರಿವಾಳದ ಜಾತಿಯ ಸಣ್ಣ ಹಕ್ಕಿ), ಹರಟೆಮಲ್ಲ (ಬ್ಯಾಬ್ಲರ್) ಇವುಗಳಲ್ಲಿ ಗಂಡು ಹೆಣ್ಣು ಒಂದೇ ಥರ. ಇಲ್ಲಿ ನಡತೆಯೇ ಗುರುತು, ಬಣ್ಣ ಅಲ್ಲ.

ಕಾಲಕ್ಕೆ ತಕ್ಕಂತೆ ವೇಷ ಬದಲಿಸುವವೂ ಇವೆ. ಊದಾ ಸೂರಕ್ಕಿಯ (ಹೂವಿನ ಮಕರಂದ ಹೀರುವ ಸಣ್ಣ ಹಕ್ಕಿ) ಗಂಡು, ಮರಿ ಮಾಡುವ ಕಾಲದಲ್ಲಿ ಮಿರಮಿರ ಮಿಂಚುವ ಕಪ್ಪು. ಕಾಲ ಮುಗಿದ ಮೇಲೆ ಹೆಣ್ಣಿನಂತೆ ಹಳದಿಯಾಗಿ, ಗಂಟಲಿನ ನಡುವೆ ಒಂದು ಕಪ್ಪು ಗೆರೆ ಮಾತ್ರ ಉಳಿಸಿಕೊಳ್ಳುತ್ತದೆ. ಗೀಜಗದ ಗಂಡಿನ ಹಳದಿ ಟೊಪ್ಪಿಗೆಯೂ ಹಾಗೆಯೇ, ಮಳೆಗಾಲಕ್ಕೆ ಮಾತ್ರ.

ಮೂರನೇ ಹೆಜ್ಜೆ: ಮೂರು ಕಾಲಂ ಎಳೆಯಿರಿ

ಒಂದು ಇಪ್ಪತ್ತು ರೂಪಾಯಿ ನೋಟ್‌ಬುಕ್ ಸಾಕು. ಮೊದಲ ಕಾಲಂ: ಯಾರು ಏನು ಮಾಡಿತು. ಎರಡನೆಯದು: ಎದುರಿನದು ಏನು ಮಾಡಿತು. ಮೂರನೆಯದು: ಆಮೇಲೆ ಏನಾಯಿತು. ಪಕ್ಕದಲ್ಲಿ ತಾರೀಖು, ಹೊತ್ತು.

'ಗುಬ್ಬಿ ಖುಷಿಯಾಗಿತ್ತು' ಅಂತ ಬರೆಯಬೇಡಿ. 'ಗಂಡು ಹೆಣ್ಣಿನ ಸುತ್ತ ಕುಪ್ಪಳಿಸಿತು, ಹೆಣ್ಣು ಕುಕ್ಕಿತು, ಗಂಡು ಸೂರಿನ ತೂತಿಗೆ ಹೋಗಿ ಕೂಗತೊಡಗಿತು' ಅಂತ ಬರೆಯಿರಿ. ಅರ್ಥ ಹುಡುಕುವ ಕೆಲಸ ತಿಂಗಳ ನಂತರ. ಮೊದಮೊದಲು ನನಗಿದು ತಲೆನೋವು ಅನ್ನಿಸಿತ್ತು. ಆದರೆ ಮೂರನೇ ಕಾಲಂ ಖಾಲಿ ಬಿಟ್ಟ ಸಾಲುಗಳೇ ಮುಂದೆ ನನ್ನನ್ನು ಜಾಸ್ತಿ ಕೂರುವಂತೆ ಮಾಡಿದವು.

ನಾಲ್ಕನೇ ಹೆಜ್ಜೆ: ಗುಬ್ಬಿಯಿಂದ ಶುರು ಮಾಡಿ

ಎಲ್ಲರಿಗೂ ಗುಬ್ಬಿ ಗೊತ್ತು, ಹಾಗಾಗಿ ಯಾರೂ ನೋಡುವುದಿಲ್ಲ. ಪ್ರಣಯದ ಪೂರ್ತಿ ಕಥೆ ಮಾಳಿಗೆಯ ಸೂರಿನಲ್ಲೇ ಸಿಗುತ್ತದೆ.

ಗಂಡು ಮೊದಲು ಮಾಡುವುದು ಮನೆ ಹಿಡಿಯುವ ಕೆಲಸ. ತೊಲೆಯ ಸಂದು, ಗೋಡೆಯ ತೂತು, ಮೀಟರ್ ಬೋರ್ಡಿನ ಹಿಂಭಾಗ, ಏನಾದರೂ ಸರಿ. ಅದರ ಬಾಯಲ್ಲಿ ಕೂತು ಒಂದೇ ದನಿಯಲ್ಲಿ ಚಿಂವ್ ಚಿಂವ್ ಅಂತ ಗಂಟೆಗಟ್ಟಲೆ ಕೂಗುತ್ತದೆ. ಈ ಕೂಗಿಗೆ 'ಜಾಗ ಇದೆ, ಬಾ' ಅಂತಲೂ, ಬೇರೆ ಗಂಡಿಗೆ 'ಜಾಗ ನಂದು' ಅಂತಲೂ ಅರ್ಥ.

ಹೆಣ್ಣು ಹತ್ತಿರ ಬಂದು ಕೂತಿತು ಅನ್ನಿ. ಈಗ ಗಂಡನ್ನು ನೋಡಿ. ಎದೆ ಮುಂದಕ್ಕೆ ಬಂತು, ಕರೀ ಮಚ್ಚೆ ಎದ್ದು ಕಂಡಿತು. ಬಾಲ ಮೇಲಕ್ಕೆ, ರೆಕ್ಕೆ ಸ್ವಲ್ಪ ಜೋತು, ಅಂಚು ಸಣ್ಣಗೆ ನಡುಗುತ್ತದೆ. ಹಾಗೇ ಕುಪ್ಪಳಿಸುತ್ತಾ ಹೆಣ್ಣಿನ ಆ ಕಡೆ ಈ ಕಡೆ ಹೋಗುತ್ತದೆ. ಮದುವೆ ಮೆರವಣಿಗೆಯ ಕುದುರೆ ನೋಡಿದ್ದೀರಲ್ವಾ, ಮುಂದೂ ಹೋಗದೆ ಹಿಂದೂ ಹೋಗದೆ ನಿಂತಲ್ಲೇ ಕುಣಿಯುತ್ತದಲ್ಲ, ಹಾಗೆ.

ಬಹಳ ಮಂದಿ ಇಲ್ಲಿಗೆ ನೋಡುವುದನ್ನು ನಿಲ್ಲಿಸುತ್ತಾರೆ. ಅಸಲಿ ವಿಷಯ ಹೆಣ್ಣಿನಲ್ಲಿದೆ. ಬೇಡ ಅಂದರೆ ಅದು ಗಂಡಿನ ಮೇಲೆ ಹಾಯ್ದು ಕುಕ್ಕುತ್ತದೆ, ತಲೆಯ ಗರಿ ಹಿಡಿದು ಎಳೆಯುವುದೂ ಉಂಟು. ಗಂಡು ತಿರುಗಿ ಬೀಳುವುದಿಲ್ಲ, ಒಂದು ಅಡಿ ಹಿಂದೆ ಹಾರಿ ಮತ್ತೆ ಶುರು. ನೋಡಿದವರು ಇದನ್ನು ಜಗಳ ಅನ್ನುತ್ತಾರೆ. ಏಟು ತಿಂದವರು ಓಡಿಹೋಗದೆ ಮತ್ತೆ ಎದೆ ಉಬ್ಬಿಸಿ ಬಂದರೆ ಅದೆಂಥ ಜಗಳ?

ಬೇಕು ಅಂದರೆ ಹೆಣ್ಣು ಮೈ ತಗ್ಗಿಸಿ ಕೂತು, ರೆಕ್ಕೆ ನಡುಗಿಸಿ, ಮೆಲುದನಿ ತೆಗೆಯುತ್ತದೆ. ಗಂಡು ಬೆನ್ನ ಮೇಲೆ ಏರಿ ಒಂದು ಗಳಿಗೆಯಲ್ಲಿ ಇಳಿಯುತ್ತದೆ. ಮತ್ತೆ ಏರುತ್ತದೆ. ಹೀಗೆ ಒಂದರ ಹಿಂದೆ ಒಂದು ಹತ್ತಾರು ಸಲ. ನಮ್ಮ ಅಜ್ಜಿ ಇದನ್ನು ಕಂಡರೆ ಮಕ್ಕಳನ್ನು ಒಳಗೆ ಕಳಿಸುತ್ತಿದ್ದಳು.

ಇನ್ನೊಂದು ದೃಶ್ಯ ನಿಮ್ಮನ್ನು ಗಾಬರಿ ಮಾಡಬಹುದು. ಮೂರು ನಾಲ್ಕು ಗಂಡುಗಳು ಒಂದು ಹೆಣ್ಣನ್ನು ಅಟ್ಟಿಸಿಕೊಂಡು ಬಂದು, ಪೇರಲ ಗಿಡದೊಳಗೆ ನುಗ್ಗಿ, ಎಲ್ಲಾ ಸೇರಿ ಗದ್ದಲ ಎಬ್ಬಿಸುತ್ತವೆ. ಅರ್ಧ ನಿಮಿಷದಲ್ಲಿ ಎಲ್ಲ ಚೆದುರಿ ಹೋಗುತ್ತವೆ. ಮೊದಲು ಒಂದು ಗಂಡು ಶುರು ಮಾಡಿರುತ್ತದೆ, ಹೆಣ್ಣು ತಪ್ಪಿಸಿಕೊಂಡು ಹಾರಿರುತ್ತದೆ, ಸದ್ದು ಕೇಳಿ ಪಕ್ಕದ ಗಂಡುಗಳು ಸೇರಿಕೊಂಡಿರುತ್ತವೆ. ಸಾಮಾನ್ಯವಾಗಿ ಇದರಲ್ಲಿ ಕೂಡುವಿಕೆ ನಡೆಯುವುದೇ ಇಲ್ಲ.

ಜೋಡಿ ಅಂದ ತಕ್ಷಣ ನಮ್ಮ ಮನೆಯ ಗಂಡಹೆಂಡತಿಯನ್ನು ತಂದು ಕೂರಿಸಬೇಡಿ. ಒಂದೇ ಗೂಡಿನ ಮರಿಗಳಲ್ಲಿ ಹೊರಗಿನ ಗಂಡಿಗೆ ಹುಟ್ಟಿದವೂ ಇರುವುದುಂಟು.

ಐದನೇ ಹೆಜ್ಜೆ: ಒಂದೇ ಥರ ಕಾಣುವವರಲ್ಲಿ ಬಾಗುವವನು ಯಾರು?

ಕೊಪ್ಪಳದ ಗವಿಮಠದ ಬಂಡೆಗಳ ಕಡೆ ಒಮ್ಮೆ ಪಾರಿವಾಳ ನೋಡುತ್ತಾ ನಿಲ್ಲಿ. ಕೊರಳು ಉಬ್ಬಿಸಿ, ಗುಟುರು ಹಾಕುತ್ತಾ, ತಲೆ ಬಾಗಿಸಿ, ಸುತ್ತು ತಿರುಗಿ, ಬಾಲವನ್ನು ನೆಲಕ್ಕೆ ಸವರಿಕೊಂಡು ಹೋಗುವುದು ಗಂಡು. ಎದುರಿನದು ಕಾಳು ಹೆಕ್ಕುತ್ತಾ ಸುಮ್ನೆ ನಡೆದು ಹೋದರೆ ಉತ್ತರ 'ಇಲ್ಲ'. ನಿಂತು, ತನ್ನ ಕೊಕ್ಕನ್ನು ಗಂಡಿನ ಕೊಕ್ಕಿನೊಳಗೆ ಇಟ್ಟರೆ ಮಾತು ಮುಂದುವರಿದಿದೆ. ಕೂಡಿದ ಮೇಲೆ ಗಂಡು ರೆಕ್ಕೆ ಪಟಪಟ ಬಡಿದು ಹಾರುತ್ತದೆ, ಚಪ್ಪಾಳೆ ಹೊಡೆದಂತೆ ಸದ್ದು ಬರುತ್ತದೆ.

ಹಿತ್ತಲಿಗೆ ಬರುವ ಸಣ್ಣ ಕಂದು ಬೆಳವದಲ್ಲೂ ಬಾಗುವುದು ಗಂಡೇ. ಅದರ ಕೂಗು ಕಿಸಕ್ಕನೆ ನಕ್ಕಂತೆ ಇರುತ್ತದೆ. ಕಂಬದಿಂದ ರೆಕ್ಕೆ ಬಡಿಯುತ್ತಾ ಮೇಲೇರಿ, ರೆಕ್ಕೆ ಹರಡಿ ತೇಲಿಕೊಂಡು ಇಳಿದರೆ ಅದು ಮೆರೆಯುವ ಹಾರಾಟ. ಬೆಕ್ಕು ಬಂದಾಗ ಏಳುವ ಹಾರಾಟ ನೇರ, ಅವಸರದ್ದು, ಹೊಳ್ಳಿ ಅದೇ ಕಂಬಕ್ಕೆ ಬರುವುದಿಲ್ಲ.

ಚಿಟ್ಟು ಮಡಿವಾಳ ನಮ್ಮ ಕಲ್ಲುಗುಡ್ಡದ ಊರಿಗೆ ಹೇಳಿ ಮಾಡಿಸಿದ ಹಕ್ಕಿ. ಗಂಡು ಬಾಲ ಬೆನ್ನಿನ ಮೇಲಕ್ಕೆ ಮಡಚಿ, ಬುಡದ ಕೆಂಗಂದು ಬಣ್ಣ ತೋರಿಸುತ್ತಾ, ಹೆಣ್ಣಿನ ಮುಂದೆ ಠೀವಿಯಿಂದ ನಡೆಯುತ್ತದೆ. ಹೆಣ್ಣು ಇಲ್ಲದಾಗಲೂ ಬಾಲ ಎತ್ತುವುದು ಅದರ ರೂಢಿ, ಹಾಗಾಗಿ ಬರೀ ಬಾಲ ನೋಡಿ ಪ್ರಣಯ ಅನ್ನಬೇಡಿ. ಪಕ್ಕದಲ್ಲಿ ಯಾರಿದ್ದಾರೆ ನೋಡಿ.

ಸೂರಕ್ಕಿಗೆ ಸ್ಲೋ ಮೋಷನ್ ಬೇಕು ಅಂದಿದ್ದು ಇದಕ್ಕೇ. ಹೆಣ್ಣಿನ ಮುಂದೆ ಹಾಡುತ್ತಾ ರೆಕ್ಕೆ ಅದುರಿಸುವಾಗ ಊದಾ ಸೂರಕ್ಕಿಯ ಗಂಡು ಕಂಕುಳಲ್ಲಿ ಬಚ್ಚಿಟ್ಟ ಹಳದಿ ಕಿತ್ತಳೆ ಗರಿಗೊಂಚಲನ್ನು ಬಿಚ್ಚಿ ತೋರಿಸುತ್ತದೆ. ಬರಿಗಣ್ಣಿಗೆ ಅದು ಒಂದು ಕಿಡಿಯಂತೆ ಕಂಡು ಮಾಯ.

ಆರನೇ ಹೆಜ್ಜೆ: ನಿಜವಾದ ಜಗಳ

ಗೊರವಂಕದ ಜಗಳ ನೋಡಿದರೆ ಅನುಮಾನವೇ ಬರುವುದಿಲ್ಲ. ಎರಡು ಜೋಡಿ ನೆಲಕ್ಕಿಳಿಯುತ್ತವೆ, ಇಬ್ಬರು ಕಾಲಿಗೆ ಕಾಲು ಹೆಣೆದು ಮಣ್ಣಲ್ಲಿ ಹೊರಳುತ್ತಾರೆ, ಇನ್ನಿಬ್ಬರು ಪಕ್ಕದಲ್ಲಿ ನಿಂತು ಕಿರುಚುತ್ತಾರೆ. ಜಗಳ ಹೆಚ್ಚಾಗಿ ಗೂಡಿನ ತೂತಿಗಾಗಿ. ಗೊರವಂಕಗಳು ವರ್ಷವಿಡೀ ಜೋಡಿಯಾಗಿಯೇ ಇರುತ್ತವೆ. ಹಾಗಾಗಿ ಜೋಡಿ ಕಂಡಿತು ಅಂದಮಾತ್ರಕ್ಕೆ ಮರಿ ಮಾಡುವ ಕಾಲ ಬಂತು ಅಂತಲ್ಲ. ಒಂದು ತಲೆ ಬಾಗಿಸಿ ಬಾಗಿಸಿ, ಗರಿ ಉಬ್ಬಿಸಿ, ಇನ್ನೊಂದರ ಪಕ್ಕ ಹಾಡಿದರೆ, ಆಮೇಲೆ ಹುಲ್ಲು, ಕಾಗದ, ಪ್ಲಾಸ್ಟಿಕ್ ಚೂರು ಹೊತ್ತೊಯ್ದರೆ ಬಂತು ಅನ್ನಿ.

ಇನ್ನು ಕನ್ನಡಿಯ ಜಗಳ. ಒಂದು ಫೆಬ್ರವರಿಯಲ್ಲಿ ನನ್ನ ಬೈಕಿನ ಕನ್ನಡಿ ದಿನಾ ಗಲೀಜಾಗುತ್ತಿತ್ತು. ಪಕ್ಕದ ಮನೆಯ ಹುಡುಗರ ಮೇಲೆ ಅನುಮಾನ ಪಟ್ಟು ಒಂದೆರಡು ಮಾತೂ ಆಡಿಬಿಟ್ಟಿದ್ದೆ. ಕೊನೆಗೆ ಸಿಕ್ಕಿಬಿದ್ದದ್ದು ಚಿಟ್ಟು ಮಡಿವಾಳದ ಗಂಡು. ಕನ್ನಡಿಯಲ್ಲಿ ಕಂಡ ತನ್ನನ್ನೇ ಬೇರೆ ಗಂಡು ಅಂದುಕೊಂಡು ಗುದ್ದುತ್ತಿತ್ತು. ಕನ್ನಡಿಗೆ ಹಳೇ ಕಾಲುಚೀಲ ಹಾಕಿದೆ, ನಿಂತಿತು. ಇದನ್ನು ತಮಾಷೆ ಅಂತ ಬಿಡಬೇಡಿ, ಸೋಲದ ಎದುರಾಳಿಯ ಜೊತೆ ಗುದ್ದಾಡಿ ಹಕ್ಕಿ ಸುಮ್ನೆ ದಣಿಯುತ್ತದೆ. ಹುಡುಗರಿಗೆ ಆಮೇಲೆ ಐಸ್‌ಕ್ರೀಂ ಕೊಡಿಸಬೇಕಾಯಿತು.

ಜಗಳವೂ ಅಲ್ಲ, ಪ್ರಣಯವೂ ಅಲ್ಲದ ಎರಡು ಭಂಗಿಗಳಿವೆ. ಏಪ್ರಿಲ್, ಮೇ ಬಿಸಿಲಲ್ಲಿ ಕಾಗೆ, ಗೊರವಂಕಗಳು ಬಾಯಿ ತೆರೆದು, ರೆಕ್ಕೆಯನ್ನು ಮೈಯಿಂದ ಬಿಡಿಸಿ ನಿಲ್ಲುತ್ತವೆ. ಹಕ್ಕಿಗೆ ಬೆವರಿಲ್ಲ, ಅದು ಸೆಕೆ ಕಳೆಯುವ ದಾರಿ. ಇನ್ನು ಹರಟೆಮಲ್ಲ ಬಿಸಿಲಿಗೆ ರೆಕ್ಕೆ ಬಾಲ ಹರಡಿ, ಕತ್ತು ವಾರೆ ಮಾಡಿ ಸತ್ತಂತೆ ಬಿದ್ದಿದ್ದರೆ, ಅದು ಬಿಸಿಲು ಕಾಯಿಸುತ್ತಿದೆ. ಮುಟ್ಟಬೇಡಿ. (ಚಪ್ಪಲಿ ಡಬ್ಬಿ ತರುವ ಮೊದಲು ಹತ್ತು ನಿಮಿಷ ಕಾಯಿರಿ.)

ಏಳನೇ ಹೆಜ್ಜೆ: ಯಾರು ಯಾರಿಗೆ ತುತ್ತು ಕೊಟ್ಟರು

ಬೆಳೆದ ಹಕ್ಕಿ ಇನ್ನೊಂದು ಬೆಳೆದ ಹಕ್ಕಿಗೆ ತುತ್ತು ಕೊಡುವುದನ್ನು ಕಂಡರೆ ಹೆಚ್ಚಾಗಿ ಅದು ಪ್ರಣಯ. ಗಂಡು ಗಿಳಿ ಗಂಟಲಿಂದ ಮೇಲೆ ತಂದು ಹೆಣ್ಣಿನ ಬಾಯಿಗೆ ಕೊಡುತ್ತದೆ. ಗಿಳಿಗಳಲ್ಲಿ ಹೆಣ್ಣಿನದೇ ಜೋರು. ಗಂಡು ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬರುವುದನ್ನು ನೋಡಿದರೆ ನಗು ಬರುತ್ತದೆ. ಕಾಗೆಯಲ್ಲಿ ಹೆಣ್ಣು ಮರಿಯಂತೆಯೇ ರೆಕ್ಕೆ ನಡುಗಿಸಿ, ಬಾಯಿ ತೆರೆದು ಬೇಡುತ್ತದೆ, ಗಂಡು ಕೊಡುತ್ತದೆ. ನೋಡಿದಿರಾ, ಅದೇ ನಡುಕ.

ಮಳೆಗಾಲದಲ್ಲಿ ಕಾಗೆಯ ಮುಂದೆ ಬಾಯಿ ತೆರೆದು ನಡುಗುವ ಮರಿಯನ್ನು ಕಂಡರೆ ಸ್ವಲ್ಪ ದಿಟ್ಟಿಸಿ ನೋಡಿ. ಬಾಲ ಉದ್ದ ಇದ್ದು, ಮೈ ಕಾಗೆಯದ್ದಲ್ಲ ಅನ್ನಿಸಿದರೆ ಅದು ಕೋಗಿಲೆ ಮರಿ. ಬೇಸಿಗೆಯಲ್ಲಿ ಬೇವಿನ ಮರದಿಂದ ಏರುದನಿಯಲ್ಲಿ ಕುಹೂ ಅಂದದ್ದು ಗಂಡು. ಕಿಕ್ ಕಿಕ್ ಕಿಕ್ ಅಂತ ಒರಟಾಗಿ ಕೂಗಿದ್ದು ಹೆಣ್ಣು. ಕಾಗೆಗಳು ಕೋಗಿಲೆಯನ್ನು ಅಟ್ಟಿಸಿಕೊಂಡು ಹೋದರೆ, ಹತ್ತಿರದಲ್ಲೇ ಕಾಗೆ ಗೂಡು ಇರಬಹುದು.

ಎಂಟನೇ ಹೆಜ್ಜೆ: ಗುಂಪನ್ನು ಓದಿ

ಹರಟೆಮಲ್ಲಗಳು ಆರೇಳು, ಎಂಟು ಸೇರಿಯೇ ಬರುತ್ತವೆ. ಒಂದು ನುಗ್ಗೆ ಮರದ ತುದಿಯಲ್ಲಿ ಕೂರುತ್ತದೆ, ಉಳಿದವು ಕೆಳಗೆ ಒಣ ಎಲೆ ತಿರುವಿ ಹಾಕುತ್ತವೆ. ಮೇಲಿನದು ಕಾವಲು. ಅದು ಕೂಗಿದೊಡನೆ ಕೆಳಗಿನವು ಏನು ಮಾಡುತ್ತವೆ ನೋಡಿ. ಗಿಡುಗ ಬಂದರೆ ಎಲ್ಲವೂ ಪೊದೆಗೆ ನುಗ್ಗುತ್ತವೆ. ಹಾವೋ ಬೆಕ್ಕೋ ಇದ್ದರೆ ಓಡುವ ಬದಲು ಸುತ್ತುವರಿದು ಬೈಯುತ್ತವೆ. ಒಂದು ಸಲ ಈ ಬೈಗುಳ ಕೇಳಿ ಹೋಗಿ ನೋಡಿದರೆ ಕಟ್ಟಿಗೆ ರಾಶಿಯಲ್ಲಿ ಕೇರೆ ಹಾವು.

ಮಧ್ಯಾಹ್ನ ಒಂದೇ ಕೊಂಬೆಯಲ್ಲಿ ಒತ್ತಿಕೊಂಡು ಕೂತು, ಒಂದು ಇನ್ನೊಂದರ ಕತ್ತಿನ ಗರಿ ನೇವರಿಸುತ್ತದೆ. ಇದನ್ನು ಪ್ರಣಯ ಅಂತ ಬರೆಯಬೇಡಿ. ಗುಂಪಿನ ಯಾರು ಬೇಕಾದರೂ ಯಾರಿಗೆ ಬೇಕಾದರೂ ಮಾಡುತ್ತಾರೆ, ಜಡೆ ಹಾಕುತ್ತಾ ಕೂತ ಅಕ್ಕತಂಗಿಯರ ಹಾಗೆ. ಮರಿ ಆದಾಗ ತುತ್ತು ತರುವವರೂ ಇಬ್ಬರೇ ಅಲ್ಲ. ಗೂಡಿಗೆ ಬರುವವರನ್ನು ಒಂದು ತಾಸು ಎಣಿಸಿ ನೋಡಿ, ಮೂರನೆಯವರು, ನಾಲ್ಕನೆಯವರು ಸಿಗುತ್ತಾರೆ.

ಮಿರಗದ (ಮೃಗಶಿರ) ಮಳೆಯ ಹೊತ್ತಿಗೆ ಚಾತಕ ಬರುತ್ತದೆ. ಕಪ್ಪು ಬಿಳುಪು ಮೈ, ತಲೆಗೆ ಜುಟ್ಟು. ಅದು ಮೊಟ್ಟೆ ಇಡುವುದು ಹರಟೆಮಲ್ಲಗಳ ಗೂಡಿನಲ್ಲಿ. ಆ ದಿನಗಳಲ್ಲಿ ಹರಟೆಮಲ್ಲಗಳ ಗದ್ದಲ ಕೇಳಿದರೆ ಹಾವನ್ನಷ್ಟೇ ಹುಡುಕಬೇಡಿ.

ಒಂಬತ್ತನೇ ಹೆಜ್ಜೆ: ಒಂದು ದಿನ ಗಂಗಾವತಿ ಕಡೆ ಹೋಗಿ

ಹಿತ್ತಲು ಬಿಟ್ಟು ಹೋಗಬೇಕಾದದ್ದು ಇದೊಂದಕ್ಕೆ. ಜುಲೈ, ಆಗಸ್ಟ್‌ನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗದ್ದೆಗಳ ಪಕ್ಕ, ಜಾಲಿ ಮರ, ಈಚಲು ಮರಗಳಲ್ಲಿ ಗೀಜಗದ ಗೂಡು ಹುಡುಕಿ. ಗಂಡು ಭತ್ತದ ಎಲೆಯ ಅಂಚನ್ನು ಕಚ್ಚಿ, ಅದನ್ನು ಹಿಡಿದುಕೊಂಡೇ ಹಾರುತ್ತದೆ. ಎಲೆ ಉದ್ದಕ್ಕೆ ಸೀಳಿ ನಾರಾಗಿ ಬರುತ್ತದೆ.

ಗೂಡು ಮೊದಲು ಬುಟ್ಟಿ ಬೋರಲು ಹಾಕಿದಂತೆ ಇರುತ್ತದೆ, ನಡುವೆ ಒಂದು ಅಡ್ಡಪಟ್ಟಿ. ಗಂಡು ಅಲ್ಲಿಗೇ ಕೆಲಸ ನಿಲ್ಲಿಸುತ್ತದೆ. ಹೆಣ್ಣುಗಳು ಬಂದೊಡನೆ ಎಲ್ಲಾ ಗಂಡುಗಳೂ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತಾ ಕೂಗುತ್ತವೆ, ಸಂತೆಯಲ್ಲಿ ಗಿರಾಕಿ ಕರೆದಂತೆ. ಹೆಣ್ಣು ಒಳಗೆ ಹೋಗಿ, ಪಟ್ಟಿಯ ಮೇಲೆ ಕೂತು, ನಾರನ್ನು ಅಲ್ಲಲ್ಲಿ ಎಳೆದು ನೋಡುತ್ತದೆ. ಒಪ್ಪಿದರೆ ಮಾತ್ರ ಗಂಡು ಮೊಟ್ಟೆ ಗೂಡು, ಕೊಳವೆ ಬಾಗಿಲು ಮುಗಿಸಿ ಕೊಡುತ್ತದೆ. ಒಪ್ಪದ ಗೂಡುಗಳು ಹಾಗೇ ಅರ್ಧಕ್ಕೆ ನೇತಾಡುತ್ತವೆ. ಒಂದು ಮನೆ ಮುಗಿಸಿದ ಗಂಡು ಇನ್ನೊಂದು ಬುಟ್ಟಿ ಶುರು ಮಾಡುತ್ತದೆ, ಇನ್ನೊಂದು ಹೆಣ್ಣಿಗೆ. ಪಕ್ಷಿತಜ್ಞ ಸಲೀಂ ಅಲಿ ಸುಮಾರು 1930ರಲ್ಲಿ ಮಹಾರಾಷ್ಟ್ರದ ಕಿಹಿಂನಲ್ಲಿ ಗೀಜಗಗಳನ್ನು ದಿನಗಟ್ಟಲೆ ಕೂತು ನೋಡಿ ಈ ಗುಟ್ಟು ಬಿಡಿಸಿದ್ದರು.

ಹತ್ತನೇ ಹೆಜ್ಜೆ: ಕಾಲ, ಮತ್ತು ದೂರ

ನನ್ನ ನೋಟ್‌ಬುಕ್ಕಿನ ಪ್ರಕಾರ ಕೊಪ್ಪಳದ ಹಿತ್ತಲ ಪಂಚಾಂಗ ಸುಮಾರಾಗಿ ಹೀಗೆ: ಗವಿಮಠದ ಜಾತ್ರೆಯ ಹೊತ್ತಿಗೆ ಗಿಳಿ, ಯುಗಾದಿ ಆಸುಪಾಸು ಸೂರಕ್ಕಿ, ಪಿಕಳಾರ, ಚಿಟ್ಟು ಮಡಿವಾಳ, ಬಿಸಿಲು ಏರಿದಂತೆ ಗೊರವಂಕ, ಕಾಗೆ, ಕೋಗಿಲೆ, ಕಾರಹುಣ್ಣಿಮೆ ದಾಟಿದ ಮೇಲೆ ಗೀಜಗ. ಗುಬ್ಬಿ, ಬೆಳವಕ್ಕೆ ಹೆಚ್ಚುಕಡಿಮೆ ವರ್ಷವೆಲ್ಲ ಹಬ್ಬ.

ಗೂಡು ಸಿಕ್ಕರೆ ಹತ್ತಿರ ಹೋಗಬೇಡಿ. ಬಾಯಲ್ಲಿ ಹುಳ ಹಿಡಿದ ಹಕ್ಕಿ ಗೂಡಿಗೆ ಹೋಗದೆ ಅಲ್ಲೇ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಚಟಚಟ ಅನ್ನುತ್ತಿದ್ದರೆ, ನೀವು ಜಾಸ್ತಿ ಹತ್ತಿರ ಇದ್ದೀರಿ ಅಂತ. ಹಿಂದೆ ಸರಿಯಿರಿ. ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ. ಇಲ್ಲದ ಶತ್ರುವನ್ನು ಹುಡುಕುತ್ತಾ ಗಂಡು ಅಲೆಯುತ್ತದೆ, ಮೇಲೆ ಹೇಳಿದ ಕನ್ನಡಿಯ ಕಥೆಯೇ. ಗಿಳಿಯನ್ನು ಪಂಜರದಲ್ಲಿಟ್ಟು ನೋಡುತ್ತೇನೆ ಅನ್ನುವವರಿಗೆ, 1972ರ ವನ್ಯಜೀವಿ ಕಾಯ್ದೆ ಅದನ್ನು ಒಪ್ಪುವುದಿಲ್ಲ.

ಕಳೆದ ಜನವರಿಯಲ್ಲಿ ಇನ್ನೂ ಕತ್ತಲು ಇರುವಾಗ ಬುಡಬುಡಿಕೆಯವನು ಬಾಗಿಲಿಗೆ ಬಂದ. "ಹಾಲಕ್ಕಿ ನುಡೀತೈತಿ, ಈ ಮನಿಗೆ ಶುಭ ಆಕೈತಿ" ಅಂದ. ಅವ್ವ ಮೊರದಲ್ಲಿ ಜೋಳ ತಂದು ಹಾಕಿದಳು. ಹಾಲಕ್ಕಿ (ಸಣ್ಣ ಗೂಬೆ) ನಿಜಕ್ಕೂ ನುಡಿಯುತ್ತಿತ್ತು, ಹಿಂದಿನ ಹುಣಸೆ ಮರದಲ್ಲಿ, ಒಂದಲ್ಲ, ಎರಡು. ನಾನು ಪುಸ್ತಕ ತೆಗೆದು ಬರೆದೆ: '5:50. ಎರಡು ಹಾಲಕ್ಕಿ, ಒಟ್ಟಿಗೆ ಕೂಗು. ಒಂದು ಇನ್ನೊಂದರ ಕತ್ತು ಕೆರೆಯಿತು. ಇನ್ನೊಂದು ಕಣ್ಣು ಮುಚ್ಚಿ ಕತ್ತು ಚಾಚಿತು.' ಮೂರನೇ ಕಾಲಂ ತುಂಬಲು ಮಾರ್ಚ್‌ವರೆಗೆ ಕಾಯಬೇಕಾಯಿತು. ಪೊಟರೆಯ ಬಾಯಲ್ಲಿ ಮೂರು ಬೂದು ತಲೆ ಕಂಡವು.